ಎಚ್‌ಐವಿ: ಪರೀಕ್ಷೆ, ಚಿಕಿತ್ಸೆ ಎರಡೂ ಉಚಿತ, ನಾವು ತಿಳಿದಿರಬೇಕಾದ ವಿಷಯಗಳು

ಗಲ್ಫ್‌ಗೆ ಹೊರಟ ಹುಡುಗ ಮೆಡಿಕಲ್‌ನಲ್ಲಿ 'ಅನ್‌ಫಿಟ್' ಆದರೆ ನಮ್ಮೂರಲ್ಲಿ ಕಾರಣ ಕೇಳುವವರೇ ಹೆಚ್ಚು. ಎಚ್‌ಐವಿ ಇದ್ದರೆ ಅಲ್ಲಿ ಉದ್ಯೋಗ ವೀಸಾ ಸಿಗುವುದಿಲ್ಲ, ಅಲ್ಲಿದ್ದಾಗ ಗೊತ್ತಾದರೆ ವಾಪಸ್ ಕಳಿಸುತ್ತಾರೆ. ಹಾಗೆ ಬಂದವರು ಜನ ಏನಂತಾರೋ ಎಂದು ಆಸ್ಪತ್ರೆಗೂ ಹೋಗದೆ ಕೂತರೆ ಕಾಯಿಲೆ ಒಳಗೊಳಗೇ ಬೆಳೆಯುತ್ತದೆ. ಮದ್ದು ಇದೆ. ಮದ್ದಿನ ತನಕ ಹೋಗಲು ಬಿಡದಿರುವುದು ನಮ್ಮ ಮಾತುಗಳು.

ಹೇಗೆ ಹರಡುತ್ತದೆ?
ಅಸುರಕ್ಷಿತ ಲೈಂಗಿಕ ಸಂಪರ್ಕ, ಸೋಂಕಿತ ರಕ್ತ, ಒಬ್ಬರು ಬಳಸಿದ ಸಿರಿಂಜ್, ಮತ್ತು ಚಿಕಿತ್ಸೆ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ. ಮದುವೆ ಮನೆಯಲ್ಲಿ ಒಂದೇ ತಟ್ಟೆಯಲ್ಲಿ ಉಂಡರೆ, ಸಲಾಂ ಹೇಳಿ ಕೈ ಹಿಡಿದರೆ, ಮಸೀದಿಯ ಹೌಳ್‌ನಲ್ಲಿ ವುಳೂ ಮಾಡಿದರೆ, ಸೊಳ್ಳೆ ಕಚ್ಚಿದರೆ ಹರಡುವುದಿಲ್ಲ.

ಮಯ್ಯಿತ್ ಸ್ನಾನ ಮಾಡಿಸಬಹುದೇ?
ಖಂಡಿತ. ಕೈಗವಸು ಹಾಕಿ, ನಮ್ಮ ಕೈಯಲ್ಲಿ ಗಾಯವಿದ್ದರೆ ಮುಚ್ಚಿಕೊಂಡರೆ ಸಾಕು. ಎಲ್ಲ ಮಯ್ಯಿತ್‌ಗೂ ಕೈಗವಸು ಹಾಕುವ ಅಭ್ಯಾಸ ಇಟ್ಟುಕೊಂಡರೆ ಯಾರನ್ನೂ ಬೇರೆ ಮಾಡಬೇಕಾಗಿಲ್ಲ.

ಪರೀಕ್ಷೆ ಎಲ್ಲಿ?
ಸರಕಾರಿ ಆಸ್ಪತ್ರೆಗಳ ಐಸಿಟಿಸಿ ಕೇಂದ್ರಗಳಲ್ಲಿ. ಕೇರಳದಲ್ಲಿ ಇವಕ್ಕೆ 'ಜ್ಯೋತಿಸ್' ಎಂಬ ಹೆಸರಿದೆ. ಆಪ್ತ ಸಮಾಲೋಚಕರು ಮೊದಲು ಮಾತಾಡುತ್ತಾರೆ, ವರದಿ ಗುಟ್ಟಾಗಿರುತ್ತದೆ. ಸೋಂಕು ತಗಲಿರಬಹುದೆಂಬ ಸಂಶಯವಿದ್ದರೆ 72 ಗಂಟೆಯೊಳಗೆ ವೈದ್ಯರನ್ನು ಕಾಣಬೇಕು, ತಡೆಯುವ ಮಾತ್ರೆ ಇದೆ. ಅದೂ ಬೇಗ ಹೋದಷ್ಟು ಒಳ್ಳೆಯದು.

ಚಿಕಿತ್ಸೆ ಹೇಗೆ?
2004ರಿಂದ ಸರಕಾರ ಎಆರ್‌ಟಿ ಮಾತ್ರೆ ಉಚಿತವಾಗಿ ಕೊಡುತ್ತಿದೆ. 2017ರಿಂದ ಸೋಂಕು ಖಚಿತವಾದ ಎಲ್ಲರಿಗೂ, ರೋಗನಿರೋಧಕ ಶಕ್ತಿ ಕುಗ್ಗುವ ತನಕ ಕಾಯದೆ, ಚಿಕಿತ್ಸೆ ಶುರು ಮಾಡುತ್ತಾರೆ. ಮಾತ್ರೆ ದಿನವೂ, ಜೀವನಪೂರ್ತಿ ತೆಗೆದುಕೊಳ್ಳಬೇಕು. ತಪ್ಪದೆ ತೆಗೆದುಕೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೆಯೇ ಉಳಿದರೆ ದಾಂಪತ್ಯದ ಸಂಪರ್ಕದಿಂದ ಸಂಗಾತಿಗೆ ಹರಡುವುದಿಲ್ಲ. ಗರ್ಭಿಣಿ ಚಿಕಿತ್ಸೆ ಪಡೆದರೆ ಮಗುವಿಗೆ ತಗಲುವ ಸಾಧ್ಯತೆ ತೀರಾ ಕಡಿಮೆ.

ಕಾಸರಗೋಡು ಜನರಲ್ ಆಸ್ಪತ್ರೆಯಲ್ಲೂ ಮಂಗಳೂರಿನ ವೆನ್ಲಾಕ್‌ನಲ್ಲೂ ಎಆರ್‌ಟಿ ಕೇಂದ್ರಗಳಿವೆ. ಒಂದು ಕೇಂದ್ರದಿಂದ ಇನ್ನೊಂದಕ್ಕೆ ಚಿಕಿತ್ಸೆ ವರ್ಗಾಯಿಸಿಕೊಳ್ಳಬಹುದು, ಊರಲ್ಲಿ ಗುರುತಿನವರು ಕಾಣುತ್ತಾರೆ ಎಂದು ಮದ್ದು ಬಿಡಬೇಡಿ. ಮಾಹಿತಿಗೆ ಉಚಿತ ಸಹಾಯವಾಣಿ 1097.

ಕಾನೂನು ಏನು ಹೇಳುತ್ತದೆ?
2017ರ ಎಚ್‌ಐವಿ–ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕಿದೆ ಎಂಬ ಒಂದೇ ಕಾರಣಕ್ಕೆ ಕೆಲಸ, ಶಾಲೆ, ಚಿಕಿತ್ಸೆ, ಬಾಡಿಗೆ ಮನೆಯಲ್ಲಿ ತಾರತಮ್ಯ ಮಾಡುವಂತಿಲ್ಲ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವುದಕ್ಕೂ ಇನ್ನೊಬ್ಬರ ಸೋಂಕಿನ ವಿಷಯ ಬಹಿರಂಗಪಡಿಸುವುದಕ್ಕೂ ನಿರ್ಬಂಧವಿದೆ.

2003ರಲ್ಲಿ ಕೊಲ್ಲಂ ಜಿಲ್ಲೆಯಲ್ಲಿ ಎಚ್‌ಐವಿ ಇದ್ದ ಇಬ್ಬರು ಮಕ್ಕಳನ್ನು ಶಾಲೆಯಿಂದ ದೂರವಿಟ್ಟಾಗ, ಆಗಿನ ಕೇಂದ್ರ ಆರೋಗ್ಯ ಸಚಿವೆ ಸುಷ್ಮಾ ಸ್ವರಾಜ್ ಅವರನ್ನು ಎಲ್ಲರೆದುರು ಅಪ್ಪಿಕೊಂಡಿದ್ದರು. ನಮಗಂತೂ ರೋಗಿಯನ್ನು ಹೋಗಿ ನೋಡುವುದು ದೀನ್ ಕಲಿಸಿದ ಕರ್ತವ್ಯ. ಯಾರಾದರೂ ನಂಬಿ ಈ ವಿಷಯ ಹೇಳಿಕೊಂಡರೆ ಹೇಗೆ ಬಂತು ಎಂದು ಕೇಳಬೇಡಿ. ಮಾತ್ರೆ ಶುರು ಮಾಡಿದಿರಾ ಎಂದು ಕೇಳಿ, ಬೇಕಿದ್ದರೆ ಆಸ್ಪತ್ರೆಗೆ ಜೊತೆಗೆ ಹೋಗಿ. ಕೇಳಿದ ಮಾತು ನಿಮ್ಮಲ್ಲೇ ಇರಲಿ.