ಕಾಯುವುದು

ನನ್ನ ಗಂಟಲಿನೊಳಗಿಂದ ಅಕ್ಕಿಕಾಳಿನಷ್ಟು ಮಾಂಸವನ್ನು ಚಿವುಟಿ ತೆಗೆದ ವೈದ್ಯರು, ‘ಒಂದು ವಾರ ಕಾಯಿರಿ’ ಎಂದು ಬೆಂಗಳೂರಿನಿಂದ ದೊಡ್ಡಬಳ್ಳಾಪುರಕ್ಕೆ ಹಿಂದಿರುಗಿಸಿದಂದಿನಿಂದ ಆ ಕ್ರಿಯಾಪದವೊಂದೇ ನನ್ನ ಚಿತ್ತವನ್ನು ಆಕ್ರಮಿಸಿಕೊಂಡಿದೆ.

ಸಂಸ್ಕೃತದಿಂದ ನಾವು ಪಡೆದ ನಿರೀಕ್ಷೆ, ಪ್ರತೀಕ್ಷೆ ಎಂಬ ಶಬ್ದಗಳೆರಡೂ ನೋಡುವುದೆಂಬ ಅರ್ಥದ ‘ಈಕ್ಷ್’ ಧಾತುವಿನಿಂದ ಹುಟ್ಟಿದವು. ಅಲ್ಲಿ ಆ ಕೆಲಸವೆಲ್ಲ ಕಣ್ಣಿನದು. ನಮ್ಮ ‘ಕಾಯ್’ ಆದರೋ ಕಾವಲು, ಕಾಪು, ಕಾಪಾಡು ಎಂಬವುಗಳ ಒಡಹುಟ್ಟು. ಕಾರ್ತಿಕದ ಚಳಿಯಲ್ಲಿ ರಾಗಿಹೊಲದ ಅಟ್ಟವೇರಿ ಹಂದಿಗಳನ್ನು ಬೆದರಿಸುತ್ತ ಬೆಳಗುಮಾಡಿದ ನನ್ನ ತಂದೆ ಹೊಲ ‘ಕಾದೆ’ ಎನ್ನುತ್ತಿದ್ದರು. ಘಾಟಿಯ ಬಸ್ಸಿಗಾಗಿ ನಿಂತು ಬಂದ ತಾಯಿಯೂ ‘ಕಾದೆ’ ಎಂದೇ ಹೇಳುತ್ತಿದ್ದರು. ಹೆಂಚು ಕಾಯುವ ‘ಕಾಯ್’ ಬೇರೆ ಧಾತು, ಯುದ್ಧದಲ್ಲಿ ಕಾದುವ ‘ಕಾದು’ ಇನ್ನೂ ಬೇರೆ ಎಂದು ನಿಘಂಟುಕಾರರು ವಿಂಗಡಿಸುವರು. ಅವರ ವಿವೇಚನೆ ಸರಿಯೇ. ಆದರೆ ಬೀದಿಯ ಮಗ್ಗಗಳ ಸದ್ದೂ ಅಡಗಿದ ಅಪರಾತ್ರಿಯಲ್ಲಿ ಉಗುಳು ನುಂಗಿ, ನೋವು ನಿನ್ನೆಗಿಂತ ಹೆಚ್ಚೋ ಕಡಮೆಯೋ ಎಂದು ಪರೀಕ್ಷಿಸಿಕೊಳ್ಳುವವನಿಗೆ ಮೂರೂ ಒಂದೇ ಆಗಿ ತೋರುತ್ತವೆ.

ಪ್ರಯೋಗಶಾಲೆಯಲ್ಲಿ ನಡೆಯುವುದೇನೆಂದು ಕೇಳಿ ತಿಳಿದ ಮೇಲೆ ತಳಮಳ ಕೊಂಚ ಇಳಿಯಿತು: ತುಣುಕನ್ನು ಫಾರ್ಮಲಿನ್‌ನಲ್ಲಿ ನೆನೆಸಿ, ನೀರಿನಂಶ ನೀಗಿಸಿ, ಮೇಣದಲ್ಲಿ ಹುದುಗಿಸಿ, ಮಿಲಿಮೀಟರಿನ 200ರಲ್ಲೊಂದು ಪಾಲಿನಷ್ಟು ತೆಳ್ಳಗೆ ಹೆರೆದು, ಬಣ್ಣ ಹಿಡಿಸಿ, ಆಮೇಲೆ ಸೂಕ್ಷ್ಮದರ್ಶಕದ ಕೆಳಗಿಡಬೇಕು. ರೇಷ್ಮೆಗೆ ಬಣ್ಣ ಹತ್ತುವವರೆಗೆ ಕೈಕಟ್ಟಿ ನಿಲ್ಲುವುದನ್ನು ಬಲ್ಲ ನಮ್ಮೂರಿನವರಿಗೆ ಇದು ಅರ್ಥವಾಗದ ವಿಳಂಬವಲ್ಲ.

1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಕ್ಯಾನ್ಸರ್ ಸಂಸ್ಥೆಗೆ ಹಿಂದೊಮ್ಮೆ ಬಂಧುವೊಬ್ಬರನ್ನು ನೋಡಲು ಹೋಗಿದ್ದಾಗ, ನೆಲಮಂಗಲ, ಹೊಸಕೋಟೆಗಳ ಕಡೆಯಿಂದ ಬುತ್ತಿ ಕಟ್ಟಿಕೊಂಡು ಬಂದವರು ತಮ್ಮವರ ಮಗ್ಗುಲಲ್ಲಿ ಮಾತಿಲ್ಲದೆ ಕುಳಿತಿದ್ದುದನ್ನು ಕಂಡಿದ್ದೆ. ವರದಿಗಾಗಿ ಕಾಯುತ್ತಿದ್ದರೋ, ರೋಗಿಯನ್ನು ಕಾಯುತ್ತಿದ್ದರೋ! ಈಗ ನಡುರಾತ್ರಿ ನಾನು ಕೆಮ್ಮಿದರೆ ಉಗುರುಬೆಚ್ಚನೆಯ ಗಂಜಿ ಹಿಡಿದು ನಿಲ್ಲುವ ಹೆಂಡತಿಯೂ ಎರಡನ್ನೂ ಮಾಡುತ್ತಿದ್ದಾಳೆ. ಆಕೆಯ ಮುಖ ನೋಡಿದಾಗ ಈ ವಾರ ಬರಿಯ ಶೂನ್ಯಕಾಲವೆಂಬ ಭಾವ ನನ್ನಲ್ಲಿ ಉಳಿಯುವುದಿಲ್ಲ.

ಒಡೆದ ಧ್ವನಿ ಮೂರು ವಾರ ಕಳೆದರೂ ಸರಿಹೋಗದಿದ್ದರೆ ಗಂಟಲನ್ನು ತೋರಿಸಿಕೊಳ್ಳಬೇಕೆಂದು ವೈದ್ಯರು ಹೇಳುತ್ತಾರೆ. ನಾನು ಮೆಣಸಿನ ಕಷಾಯವನ್ನು ನಂಬಿ ಮೂರು ತಿಂಗಳು ಕಳೆದೆ. ಧ್ವನಿತಂತುವಿನ ಅರ್ಬುದವು ಆರಂಭದಲ್ಲಿಯೇ ಗೊತ್ತಾದರೆ ಬಹುಮಟ್ಟಿಗೆ ವಾಸಿಯಾಗುವಂಥದು. ಓದುಗರಲ್ಲಿ ಯಾರಿಗಾದರೂ ಸ್ವರ ಹಾಗೆ ಕಟ್ಟಿದ್ದರೆ, ದಯಮಾಡಿ ಆ ಮೂರು ತಿಂಗಳನ್ನು ಕಾಯಬೇಡಿರಿ.