ತೌಡು ಕೋಳಿಗೆ, ಬಿಳಿ ಅನ್ನ ನಮಗೆ

ಹಿತ್ತಲ ಕೋಳಿಗೆ ಏನು ಹಾಕೋದು ಅಂತ ನಮ್ಮ ಹಳ್ಳಿಗಳಲ್ಲಿ ಯಾರೂ ತಲೆ ಕೆಡಿಸಿಕೊಂಡವರಲ್ಲ. ತೌಡು, ನುಚ್ಚು, ಒಂದು ಹಿಡಿ ರಾಗಿ. ಮಿಕ್ಕ ಹುಳ, ಗೆದ್ದಲನ್ನು ಅದೇ ಕೆದಕಿ ತಿನ್ನುತ್ತೆ. ಆದರೆ ಈ ತೌಡಿನ ಬೆಲೆ ವಿಜ್ಞಾನಕ್ಕೆ ತಿಳಿದದ್ದು ಜಾವಾದ ಕೋಳಿಗಳಿಂದ.

ಅಲ್ಲಿ ಬೆರಿಬೆರಿ ರೋಗಕ್ಕೆ ಸೈನಿಕರು, ಕೈದಿಗಳು ಸಾಯುತ್ತಿದ್ದ ಕಾಲ. ಬಟಾವಿಯಾದಲ್ಲಿ, ಅಂದರೆ ಈಗಿನ ಜಕಾರ್ತದಲ್ಲಿ, ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ಅದರ ರೋಗಾಣು ಹುಡುಕುತ್ತಿದ್ದ. 1889ರಲ್ಲಿ ಅವನ ಪ್ರಯೋಗದ ಕೋಳಿಗಳ ಕಾಲು ಸ್ವಾಧೀನ ತಪ್ಪಿತು, ಏನೂ ಚುಚ್ಚದೆ ಬಿಟ್ಟಿದ್ದ ಕೋಳಿಗಳಿಗೂ. ಕೆಲ ತಿಂಗಳಲ್ಲಿ ತಾವೇ ಎದ್ದು ಓಡಾಡಿದವು! ವಿಚಾರಿಸಿದರೆ, ಅಷ್ಟು ದಿನ ಅವಕ್ಕೆ ಹಾಕಿದ್ದು ಮಿಲಿಟರಿ ಆಸ್ಪತ್ರೆಯ ಪಾಲಿಶ್ ಅಕ್ಕಿ ಅನ್ನ. ಹೊಸದಾಗಿ ಬಂದ ಅಡುಗೆಯವನು, ಸೈನ್ಯದ ಅನ್ನ ಸಿವಿಲಿಯನ್ ಕೋಳಿಗ್ಯಾಕೆ ಅಂತ ನಿಲ್ಲಿಸಿಬಿಟ್ಟಿದ್ದ. ಮತ್ತೆ ಪಾಲಿಶ್ ಮಾಡದ ಅಕ್ಕಿ ಸಿಕ್ಕಿ ಕೋಳಿಗಳು ಚೇತರಿಸಿಕೊಂಡಿದ್ದವು. ನನ್ನ ಪ್ರಕಾರ ಆ ಜಿಪುಣನಿಗೂ ನೊಬೆಲ್‌ನಲ್ಲಿ ಪಾಲು ಸಿಗಬೇಕಿತ್ತು.

ಬಿಳಿ ಅಕ್ಕಿಯಲ್ಲೇ ಏನೋ ವಿಷ ಇದೆ ಅಂದುಕೊಂಡ ಐಕ್‌ಮನ್. ವಿಷ ಅಲ್ಲ, ಕೊರತೆ ಎಂದದ್ದು ಅವನ ನಂತರ ಬಂದ ಗೆರಿಟ್ ಗ್ರೈನ್ಸ್, 1901ರಲ್ಲಿ. ತೌಡಿನಲ್ಲಿದ್ದ ಆ ವಸ್ತುವೇ ಥಯಾಮಿನ್, ಬಿ1 ವಿಟಮಿನ್. 1929ರ ನೊಬೆಲ್ ಮಾತ್ರ ಐಕ್‌ಮನ್ ಮತ್ತು ಇಂಗ್ಲೆಂಡಿನ ಹಾಪ್‌ಕಿನ್ಸ್‌ಗೆ ಹೋಯಿತು, ಗ್ರೈನ್ಸ್‌ಗಲ್ಲ.