ಮದ್ದು ಒಂದೇ, ಮೈ ಬೇರೆ ಬೇರೆ

ದರೋಜಿ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಕರಡಿಧಾಮ. ಜನಪದ ಬಲ್ಲವರಿಗೆ ಬುರ್ರಕಥೆಯ ಈರಮ್ಮ. ಕನ್ನಡ, ತೆಲುಗು ಎರಡೂ ಒಂದೇ ನಾಲಿಗೆಯ ಮೇಲೆ ಆಡುವ ಸೀಮೆ ಇದು. ಹೊಸಪೇಟೆ, ಕಂಪ್ಲಿ, ಸಂಡೂರಿನ ಪೇಟೆಬೀದಿಗಳಲ್ಲಿ ಮನೆಯೊಳಗೆ ತೆಲುಗು, ಅಂಗಡಿಯಲ್ಲಿ ಕನ್ನಡ ಮಾತನಾಡುವ ಆರ್ಯವೈಶ್ಯ ಕುಟುಂಬಗಳು ತಲೆಮಾರುಗಳಿಂದ ನೆಲೆಸಿವೆ. ಬಳ್ಳಾರಿ ಸೀಮೆ ಮದರಾಸಿನಿಂದ ಬೇರೆಯಾಗಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಗಡಿ ಬದಲಾಯಿತು, ಗಡಿಯಾಚೆಯ ಊರುಗಳೊಡನೆ ಹೆಣ್ಣು ಕೊಟ್ಟು ತರುವ ನಂಟು ಬದಲಾಗಲಿಲ್ಲ.

ಈ ನಂಟಿನ ಜಾಡಿನಲ್ಲಿ ಔಷಧ ವಿಜ್ಞಾನದ ಒಂದು ದೊಡ್ಡ ಪಾಠವಿದೆ. ಲಕ್ಷಾಂತರ ಜನರಿಗೆ ಸುರಕ್ಷಿತ ಎನಿಸಿಕೊಂಡ ಒಂದು ಮದ್ದು, ಮೇಲುನೋಟಕ್ಕೆ ಪೂರ್ಣ ಆರೋಗ್ಯವಂತರಾದ ಕೆಲವರ ಉಸಿರನ್ನು ಗಂಟೆಗಟ್ಟಲೆ ನಿಲ್ಲಿಸಿಬಿಡಬಲ್ಲದು ಎಂಬುದೇ ಆ ಪಾಠ.

ಮದ್ದಿನ ಹೆಸರು ಸಕ್ಸಿನೈಲ್‌ಕೋಲಿನ್. ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಗೆ ಅರಿವಳಿಕೆ ಕೊಟ್ಟು, ಉಸಿರಾಟಕ್ಕಾಗಿ ಗಂಟಲಿನ ಮೂಲಕ ಕೊಳವೆ ಇಳಿಸಬೇಕಾಗುತ್ತದೆ. ಆಗ ಸ್ನಾಯುಗಳು ಪೂರ್ತಿ ಸಡಿಲಗೊಳ್ಳಬೇಕು. ಈ ಮದ್ದು ಒಂದು ನಿಮಿಷದೊಳಗೆ ಆ ಕೆಲಸ ಮಾಡುತ್ತದೆ. ಕೆಲವೇ ನಿಮಿಷಗಳಲ್ಲಿ ಅದರ ಪ್ರಭಾವ ಇಳಿದು ರೋಗಿ ತಾನಾಗಿಯೇ ಉಸಿರಾಡತೊಡಗುತ್ತಾನೆ. ಹೀಗೆ ಬೇಗ ಇಳಿಯಲು ಕಾರಣ ರಕ್ತದಲ್ಲಿರುವ ಬ್ಯುಟಿರಿಲ್‌ಕೋಲಿನ್‌ಎಸ್ಟರೇಸ್ ಎಂಬ ಕಿಣ್ವ. ಚುಚ್ಚಿದ ಮದ್ದಿನ ಹೆಚ್ಚಿನ ಪಾಲನ್ನು ಅದು ಸ್ನಾಯು ತಲುಪುವ ಮೊದಲೇ ಒಡೆದುಹಾಕುತ್ತದೆ.

ಈ ಕಿಣ್ವವೇ ಇಲ್ಲದಿದ್ದರೆ? ಮದ್ದು ಒಡೆಯುವುದಿಲ್ಲ. ಶಸ್ತ್ರಚಿಕಿತ್ಸೆ ಮುಗಿದರೂ ರೋಗಿ ಕೈ ಎತ್ತಲಾರ, ಕಣ್ಣು ತೆರೆಯಲಾರ, ಉಸಿರೆಳೆಯಲಾರ. ಅರಿವಳಿಕೆ ಇಳಿದು ಪ್ರಜ್ಞೆ ಮರಳಿದ್ದರಂತೂ ಸುತ್ತಲಿನ ಮಾತು ಕೇಳುತ್ತಿದ್ದರೂ ತಾನು ಎಚ್ಚರವಾಗಿದ್ದೇನೆಂದು ಸನ್ನೆ ಮಾಡುವ ಶಕ್ತಿಯೂ ಇರುವುದಿಲ್ಲ. ಕೃತಕ ಉಸಿರಾಟ ಮುಂದುವರಿಸಿ, ರೋಗಿಯನ್ನು ನಿದ್ರೆಯಲ್ಲಿಟ್ಟು ಕಾದರೆ ಗಂಡಾಂತರ ಕಳೆಯುತ್ತದೆ. ವಿಷಯ ತಿಳಿಯದೆ ಕೊಳವೆ ತೆಗೆದರೆ ಜೀವಕ್ಕೇ ಸಂಚಕಾರ.

ಮದ್ದನ್ನು ಬಳಕೆಗೆ ತರುವ ಮೊದಲು ಪರೀಕ್ಷಿಸಿರಲಿಲ್ಲವೇ? ಪರೀಕ್ಷಿಸಿದ್ದರು. ಆದರೆ ಪರೀಕ್ಷೆಯ ಚರಿತ್ರೆಯೇ ವಿಚಿತ್ರವಾಗಿದೆ. 1906ರಲ್ಲಿ ಅಮೆರಿಕದ ರೀಡ್ ಹಂಟ್ ಮತ್ತು ಟವೋ ಇದನ್ನು ಪ್ರಾಣಿಗಳ ಮೇಲೆ ಪ್ರಯೋಗಿಸಿದರು. ಅವರಿಗೆ ಬೇಕಾಗಿದ್ದುದು ರಕ್ತದೊತ್ತಡದ ಲೆಕ್ಕ. ಪ್ರಾಣಿಗಳು ಅಲುಗಾಡದಿರಲೆಂದು ಮೊದಲೇ ಕ್ಯುರಾರೆ ಕೊಟ್ಟಿದ್ದರು. ಅದು ದಕ್ಷಿಣ ಅಮೆರಿಕದ ಬೇಡರು ಬಾಣದ ತುದಿಗೆ ಹಚ್ಚುತ್ತಿದ್ದ ವಿಷ. ಆಗಲೇ ನಿಶ್ಚೇಷ್ಟಿತವಾಗಿದ್ದ ಪ್ರಾಣಿಯಲ್ಲಿ ಹೊಸ ಮದ್ದೂ ಸ್ನಾಯುಗಳನ್ನು ನಿಶ್ಚೇಷ್ಟಗೊಳಿಸುತ್ತದೆಂಬುದು ಕಾಣುವುದಾದರೂ ಹೇಗೆ? ಆ ಗುಣ ಬೆಳಕಿಗೆ ಬರಲು 1949ರವರೆಗೆ ಕಾಯಬೇಕಾಯಿತು. ಡೇನಿಯಲ್ ಬೋವೆ ಅದನ್ನು ತೋರಿಸಿಕೊಟ್ಟ ಮೇಲೆ, 1951ರ ಹೊತ್ತಿಗೆ ಯೂರೋಪಿನ ಆಸ್ಪತ್ರೆಗಳಲ್ಲಿ ಮದ್ದು ಬಳಕೆಗೆ ಬಂತು.

ಮರುವರ್ಷವೇ ಇಂಗ್ಲೆಂಡಿನಿಂದ ದೂರುಗಳು ಬಂದವು. ಐದು ನಿಮಿಷದಲ್ಲಿ ಮರಳಬೇಕಾದ ಉಸಿರು ಕೆಲವರಲ್ಲಿ ಮರಳುತ್ತಿರಲಿಲ್ಲ. ಅವರ ರಕ್ತದಲ್ಲಿ ಕಿಣ್ವದ ಚಟುವಟಿಕೆ ಕಡಿಮೆಯಿತ್ತು. ಯಕೃತ್ತಿನ ರೋಗವಿದ್ದವರಲ್ಲಿ, ಪೌಷ್ಟಿಕಾಂಶದ ಕೊರತೆಯಿದ್ದವರಲ್ಲಿ ಹೀಗಾಗುವುದನ್ನು ವೈದ್ಯರು ಬಲ್ಲರು. ಗಟ್ಟಿಮುಟ್ಟಾದವರಲ್ಲೂ ಏಕೆ?

ಉತ್ತರ ಕೊಟ್ಟವರು ಕೆನಡಾದ ಟೊರಾಂಟೊದಲ್ಲಿದ್ದ ವರ್ನರ್ ಕಾಲೋ. ಡಿಬುಕೇನ್ ಎಂಬ ಇನ್ನೊಂದು ಮದ್ದನ್ನು ರಕ್ತದ ಮಾದರಿಗೆ ಬೆರೆಸಿ ಅವರು 1957ರಲ್ಲಿ ಸರಳವಾದ ಪರೀಕ್ಷೆಯೊಂದನ್ನು ರೂಪಿಸಿದರು. ಸಾಮಾನ್ಯರಲ್ಲಿ ಡಿಬುಕೇನ್ ಈ ಕಿಣ್ವದ ಕೆಲಸವನ್ನು ಸುಮಾರು ಶೇ. 80ರಷ್ಟು ತಡೆಯುತ್ತದೆ; ತೊಂದರೆಗೀಡಾದವರಲ್ಲಿ ಶೇ. 20ರಷ್ಟು ಮಾತ್ರ. ಎಂದರೆ ಕಿಣ್ವದ ರಚನೆಯೇ ಬೇರೆ. ಅದು ಹೆತ್ತವರಿಂದ ಬಂದದ್ದು. 1962ರಲ್ಲಿ ಇನ್ನೊಂದು ಬಗೆ ಗೊತ್ತಾಯಿತು. ಅದರಲ್ಲಿ ಕಿಣ್ವದ ಚಟುವಟಿಕೆಯೇ ಇರುವುದಿಲ್ಲ. ಆ ವಂಶವಾಹಿಗೆ ‘ಮೂಕ’ ವಂಶವಾಹಿ ಎಂದೇ ಹೆಸರಾಯಿತು. ಔಷಧಕ್ಕೂ ವಂಶಕ್ಕೂ ಇರುವ ನಂಟನ್ನು ಅಭ್ಯಸಿಸುವ ಹೊಸ ಶಾಸ್ತ್ರ ಬೆಳೆದದ್ದು ಇಂಥ ಪ್ರಸಂಗಗಳಿಂದಲೇ.

ಅದೇ ಕಾಲದಲ್ಲಿ ಮಲೇರಿಯಾದ ಮದ್ದೂ ಇದೇ ಪಾಠ ಹೇಳಿತು. ಪ್ರೈಮಾಕ್ವಿನ್ ಸೇವಿಸಿದ ಕೆಲವರಲ್ಲಿ ಕೆಂಪು ರಕ್ತಕಣಗಳು ಒಡೆದು ಹೋಗುತ್ತಿದ್ದವು. ಷಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು ಸೆರೆಮನೆಯ ಕೈದಿಗಳ ಮೇಲೆ ಪ್ರಯೋಗ ನಡೆಸಿ, ಜಿ6ಪಿಡಿ ಎಂಬ ಕಿಣ್ವದ ಕೊರತೆಯೇ ಇದಕ್ಕೆ ಕಾರಣವೆಂದು 1956ರಲ್ಲಿ ಪ್ರಕಟಿಸಿದರು. ಬಂಧನದಲ್ಲಿರುವವರ ಒಪ್ಪಿಗೆ ನಿಜವಾದ ಒಪ್ಪಿಗೆಯೇ ಎಂಬ ಪ್ರಶ್ನೆ ಆ ಪ್ರಯೋಗಗಳನ್ನು ಇಂದಿಗೂ ಬಿಟ್ಟಿಲ್ಲ.

ಸಕ್ಸಿನೈಲ್‌ಕೋಲಿನ್ ಕತೆ ನಮ್ಮ ನೆಲಕ್ಕೆ ಬರುವುದು ಇಲ್ಲಿಂದ ಮುಂದೆ. ಕಿಣ್ವ ಪೂರ್ತಿ ಇಲ್ಲದವರು ಪಾಶ್ಚಾತ್ಯ ದೇಶಗಳಲ್ಲಿ ಲಕ್ಷಕ್ಕೆ ಒಬ್ಬರಂತೆ ಸಿಗುತ್ತಾರೆ. ಆದರೆ ಆಂಧ್ರದ ವೈಶ್ಯರಲ್ಲಿ ಮೂಕ ವಂಶವಾಹಿ ಬಹಳ ಹೆಚ್ಚಾಗಿದೆಯೆಂದು 1979ರಲ್ಲೇ ಒಂದು ಅಧ್ಯಯನ ತಿಳಿಸಿತು. ಬಳಿಕ ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅಮೆರಿಕದ ನೆಬ್ರಾಸ್ಕಾದ ಸಂಶೋಧಕರೊಡನೆ ಸೇರಿ, ಈ ಸಮುದಾಯದಲ್ಲಿ ಕಿಣ್ವವನ್ನು ಇಲ್ಲವಾಗಿಸುವ ವಂಶವಾಹಿಯ ಮಾರ್ಪಾಡನ್ನು ಗುರುತಿಸಿ 2006ರಲ್ಲಿ ಪ್ರಕಟಿಸಿದರು. ಅವರ ಅಧ್ಯಯನದ ಪ್ರಕಾರ ವೈಶ್ಯರಲ್ಲಿ ಸುಮಾರು ನೂರಕ್ಕೆ ನಾಲ್ವರಲ್ಲಿ ಈ ಕಿಣ್ವವಿಲ್ಲ. ಲಕ್ಷಕ್ಕೆ ಒಬ್ಬರೆಲ್ಲಿ, ನೂರಕ್ಕೆ ನಾಲ್ವರೆಲ್ಲಿ!

ಕಾರಣ ಚರಿತ್ರೆಯಲ್ಲಿದೆ. ಹೈದರಾಬಾದಿನ ಸಿ.ಸಿ.ಎಂ.ಬಿ. ಮತ್ತು ಅಮೆರಿಕದ ವಿಜ್ಞಾನಿಗಳು 2009ರಲ್ಲಿ ಭಾರತದ ಹಲವು ಸಮುದಾಯಗಳ ವಂಶವಾಹಿಗಳನ್ನು ಹೋಲಿಸಿದರು. ವೈಶ್ಯರ ಮೂಲ ಪೂರ್ವಜರ ಗುಂಪು ನೂರಕ್ಕೂ ಹೆಚ್ಚು ತಲೆಮಾರುಗಳ ಹಿಂದೆ ಚಿಕ್ಕದಾಗಿತ್ತು, ಆಮೇಲೆ ಹೊರಗಿನ ರಕ್ತ ಅದರಲ್ಲಿ ಬೆರೆತದ್ದು ತೀರಾ ಕಡಿಮೆ ಎಂದು ಅವರು ಕಂಡುಕೊಂಡರು. ಚಿಕ್ಕ ಗುಂಪಿನಲ್ಲಿ ಯಾರೋ ಒಬ್ಬರಲ್ಲಿದ್ದ ಮಾರ್ಪಾಡು, ಗುಂಪು ಬೆಳೆದಂತೆ ತಾನೂ ಬೆಳೆಯುತ್ತದೆ. ತಂದೆಯಿಂದೊಂದು, ತಾಯಿಯಿಂದೊಂದು ಎಂದು ಎರಡೂ ಕಡೆಯಿಂದ ಮೂಕ ವಂಶವಾಹಿ ಬಂದ ಮಗುವಿನಲ್ಲಿ ಕಿಣ್ವವಿರುವುದಿಲ್ಲ. ಸೋದರಮಾವನ ಮನೆಯೊಡನೆ ಬೀಗತನ ಬೆಳೆಸುವ ರೂಢಿಯಿದ್ದಲ್ಲಿ ಈ ಸಂಭವ ಇನ್ನಷ್ಟು ಹೆಚ್ಚು. ಇದು ವೈಶ್ಯರಿಗೆ ಮಾತ್ರ ಮೀಸಲಾದ ಮಾತಲ್ಲ. ತಮ್ಮೊಳಗೇ ಮದುವೆಯಾಗುವ ಭಾರತದ ಎಷ್ಟೋ ಜಾತಿಗಳಲ್ಲಿ ಒಂದಲ್ಲ ಒಂದು ಇಂಥ ಗುಟ್ಟು ಅಡಗಿದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಗೆ ಎಡೆಯಿರಬಾರದು. ಇದು ರೋಗವಲ್ಲ. ಕಿಣ್ವವಿಲ್ಲದವರು ಎಲ್ಲರಂತೆ ಬೆಳೆಯುತ್ತಾರೆ, ದುಡಿಯುತ್ತಾರೆ, ಮಕ್ಕಳನ್ನು ಹೆರುತ್ತಾರೆ. ಆ ಮದ್ದು ಮೈಸೇರದ ಹೊರತು ಕೊರತೆಯ ಸುಳಿವೇ ಸಿಗದು. ಗಂಡು ಹೆಣ್ಣು ನೋಡುವಾಗ ಮುಚ್ಚಿಡಬೇಕಾದ ದೋಷವಂತೂ ಅಲ್ಲವೇ ಅಲ್ಲ. ಮುಚ್ಚಿಟ್ಟರೆ ಮಾತ್ರ ಅಪಾಯ.

ಬಳ್ಳಾರಿ ಸೀಮೆಯಂಥ ಕಡೆ ಇನ್ನೊಂದು ತೊಡಕೂ ಉಂಟು. ಹತ್ತಿ, ಮೆಣಸಿನಕಾಯಿ ಬೆಳೆಗೆ ಕೀಟನಾಶಕ ಹೊಡೆಯುವುದು ಇಲ್ಲಿ ದಿನನಿತ್ಯದ ಮಾತು. ಕೀಟನಾಶಕದ ವಿಷವೇರಿದೆಯೇ ಎಂದು ತಿಳಿಯಲು ವೈದ್ಯರು ಅಳೆಯುವುದು ಇದೇ ಕಿಣ್ವವನ್ನು. ಹುಟ್ಟಿನಿಂದಲೇ ಕಿಣ್ವವಿಲ್ಲದವರ ರಕ್ತ, ವಿಷ ಕುಡಿದವರ ರಕ್ತದಂತೆ ಕಂಡೀತು. ರೋಗಿಯ ಲಕ್ಷಣಗಳನ್ನೂ ಮನೆತನದ ಹಿನ್ನೆಲೆಯನ್ನೂ ಜೊತೆಗಿಟ್ಟು ನೋಡದಿದ್ದರೆ ವರದಿ ದಾರಿ ತಪ್ಪಿಸುತ್ತದೆ.

ಹಾಗೆಂದು ಹೆಸರು ನೋಡಿ ತೀರ್ಮಾನಿಸುವುದೂ ಸಲ್ಲದು. ಹೆಸರಿನ ಕೊನೆಗೆ ಶೆಟ್ಟಿ ಎಂದಿರುವವರೆಲ್ಲ ವೈಶ್ಯರಲ್ಲ. ವೈಶ್ಯರಲ್ಲಿ ಬಹುಪಾಲು ಜನಕ್ಕೆ ಈ ಕೊರತೆಯಿಲ್ಲ. ಬೇರೆಯವರಲ್ಲಿ ಇರಲಾರದೆಂದೂ ಇಲ್ಲ. ಜಾತಿ ಒಂದು ಸುಳಿವು ಮಾತ್ರ. ಖಚಿತವಾಗಿ ಹೇಳಬಲ್ಲದ್ದು ರಕ್ತಪರೀಕ್ಷೆ. ಕೊರತೆಯಿದೆಯೆಂದು ಮೊದಲೇ ಗೊತ್ತಾದರೆ ಉಪಾಯ ಸುಲಭ: ಈ ಕಿಣ್ವವನ್ನು ನೆಚ್ಚಿಕೊಳ್ಳದ ಬೇರೆ ಮದ್ದುಗಳಿವೆ. ಸಕ್ಸಿನೈಲ್‌ಕೋಲಿನ್‌ನಂತೆ ಮಿವಾಕ್ಯುರಿಯಂ ಎಂಬುದನ್ನೂ ದೂರವಿಟ್ಟರಾಯಿತು.

ಔಷಧ ಪರೀಕ್ಷೆಯ ಪದ್ಧತಿಯೂ ಈಗ ಬದಲಾಗಿದೆ. ಮಲೇರಿಯಾಕ್ಕೆ ಟಾಫೆನೋಕ್ವಿನ್ ಎಂಬ ಹೊಸ ಮದ್ದನ್ನು 2018ರಲ್ಲಿ ಅಮೆರಿಕ ಒಪ್ಪಿದಾಗ, ಕೊಡುವ ಮೊದಲು ಪ್ರತಿಯೊಬ್ಬರ ಜಿ6ಪಿಡಿ ಕಿಣ್ವವನ್ನು ಪರೀಕ್ಷಿಸಬೇಕೆಂಬ ಷರತ್ತನ್ನೂ ಹಾಕಿತು. ಮದ್ದು ಪರೀಕ್ಷೆಯಲ್ಲಿ ಪಾಸಾದರೆ ಸಾಲದು, ಅದನ್ನು ತೆಗೆದುಕೊಳ್ಳುವ ಮೈಯನ್ನೂ ನೋಡಬೇಕು ಎಂಬ ತಿಳಿವು ಹೀಗೆ ಕಾನೂನಾಯಿತು.

ಸಕ್ಸಿನೈಲ್‌ಕೋಲಿನ್ ಮಟ್ಟಿಗೆ ಮಾತ್ರ ಆ ಷರತ್ತು ಕಾಗದದಲ್ಲಿಲ್ಲ. ತುರ್ತು ಶಸ್ತ್ರಚಿಕಿತ್ಸೆಯಲ್ಲಿ ವರದಿಗಾಗಿ ಕಾಯಲು ಸಮಯವೂ ಇರುವುದಿಲ್ಲ. ಅಲ್ಲಿ ನೆರವಾಗುವುದು ಒಂದು ಪ್ರಶ್ನೆ: “ನಿಮ್ಮ ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆದ ಮೇಲೆ ಉಸಿರು ಬರಲು ತಡವಾಗಿತ್ತೇ?” ಒಬ್ಬರಲ್ಲಿ ಕೊರತೆ ಕಂಡರೆ, ಅವರ ಒಡಹುಟ್ಟಿದ ಪ್ರತಿಯೊಬ್ಬರಲ್ಲೂ ಅದು ಇರುವ ಸಂಭವ ಕಡಿಮೆಯೆಂದರೂ ನಾಲ್ಕರಲ್ಲಿ ಒಂದು. ಆದ್ದರಿಂದ ವೈದ್ಯರು ಅದನ್ನು ಚೀಟಿಯಲ್ಲಿ ಬರೆದುಕೊಡಬೇಕು. ಮನೆಯವರು ಅದನ್ನು ಜಾತಕದಷ್ಟೇ ಜೋಪಾನವಾಗಿಟ್ಟು, ಆಸ್ಪತ್ರೆಗೆ ಹೋಗುವಾಗ ಮರೆಯದೆ ತೋರಿಸಬೇಕು. ದರೋಜಿಯಿಂದ ಹೊಸಪೇಟೆಗೋ ಬಳ್ಳಾರಿಗೋ ರೋಗಿಯನ್ನು ಕರೆದೊಯ್ಯುವವರ ಜೇಬಿನಲ್ಲಿ ಆ ಚೀಟಿಯೊಂದಿದ್ದರೆ ಒಂದು ಜೀವ ಉಳಿದೀತು.